ಆಫೀಸ್‌ಗೆ ಹೋಗುವುದು, ಆಫೀಸ್ ಕೆಲಸಕ್ಕೆ ಹೋಗುವುದು: ಎರಡಕ್ಕೂ ಒಂದೇ ಕಾರ್ ಇನ್ಶೂರೆನ್ಸ್ ಸಾಕಾ?

ಪ್ರಶ್ನೆ: ಸರ್, ನಾನು ಧಾರವಾಡದವನು. ಹುಬ್ಬಳ್ಳಿಯಲ್ಲಿ ನೀರಿನ ಪಂಪ್ ಮಾರುವ ಕಂಪನಿಯೊಂದರಲ್ಲಿ ಸೇಲ್ಸ್ ಎಂಜಿನಿಯರ್ ಆಗಿದ್ದೇನೆ. ದಿನಾ ಕಾರಿನಲ್ಲೇ ಹೋಗಿ ಬರುತ್ತೇನೆ. ಇಬ್ಬರು ಸಹೋದ್ಯೋಗಿಗಳು ಜೊತೆಗೆ ಬರುತ್ತಾರೆ. ತಿಂಗಳಿಗೊಮ್ಮೆ ಪೆಟ್ರೋಲ್‌ಗೆಂದು ಒಂದಿಷ್ಟು ದುಡ್ಡು ಕೊಡುತ್ತಾರೆ. ವಾರಕ್ಕೆ ಎರಡು ದಿನ ಬೆಳಗಾವಿ, ಗದಗ ಕಡೆ ಡೀಲರ್‌ಗಳನ್ನು ನೋಡಲು ಹೋಗಬೇಕು. ಅದಕ್ಕೆ ಕಂಪನಿ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡುತ್ತದೆ. ಡಿಕ್ಕಿಯಲ್ಲಿ ಯಾವಾಗಲೂ ಒಂದು ಸ್ಯಾಂಪಲ್ ಪಂಪ್ ಇರುತ್ತದೆ. ಅರ್ಜೆಂಟ್ ಇದ್ದಾಗ ಡೀಲರ್‌ಗೆ ಒಂದೆರಡು ಬಾಕ್ಸ್ ಮಾಲು ಹಾಕಿಕೊಂಡು ಹೋಗಿದ್ದೂ ಉಂಟು. ಕಾರಿನ ಆರ್‌ಸಿ ನನ್ನ ಹೆಂಡತಿಯ ಹೆಸರಲ್ಲಿದೆ.

ನನ್ನ ತಂಗಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲಿ ಕೆಲಸಕ್ಕೆ ಹೋಗಿಬರಲು ಒಂದು ಇನ್ಶೂರೆನ್ಸ್, ಕೆಲಸದ ಮೇಲೆ ಊರೂರು ಓಡಾಡಲು ಇನ್ನೊಂದು ಅಂತೆ. "ಅಣ್ಣಾ, ನಿನ್ನದು ಯಾವುದು ಅಂತ ನೋಡಿದ್ದೀಯಾ?" ಅಂದಳು. ಏಜೆಂಟ್‌ರನ್ನು ಕೇಳಿದರೆ "ಏನೂ ಆಗಲ್ಲ ಬಿಡಿ ಸರ್" ಅಂದರು. ಮುಂದಿನ ತಿಂಗಳು ರಿನೀವಲ್ ಇದೆ. ಕಡಿಮೆ ಕಿಲೋಮೀಟರ್‌ನ ಪ್ಲಾನ್ ತೆಗೆದುಕೊಂಡರೆ ಪ್ರೀಮಿಯಂ ಇಳಿಯುತ್ತದೆ ಅಂತಲೂ ಹೇಳಿದ್ದಾರೆ. ನನ್ನ ಪಾಲಿಸಿ ಸರಿ ಇದೆಯಾ?

ಉತ್ತರ: ಮೊದಲು ನಿಮ್ಮ ಮುಖ್ಯ ಭಯ ಕಳೆಯುತ್ತೇನೆ. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಹೋಗಿಬರುವುದಕ್ಕೂ, ಬೆಳಗಾವಿಗೆ ಡೀಲರ್ ಭೇಟಿಗೆ ಹೋಗುವುದಕ್ಕೂ ನಿಮ್ಮ ವೈಟ್ ಬೋರ್ಡ್ ಕಾರಿನ ಮಾಮೂಲಿ ಪಾಲಿಸಿ ನಡೆಯುತ್ತದೆ. ಕಂಪನಿ ಕೊಡುವ ಕಿಲೋಮೀಟರ್ ಹಣದಿಂದಲೂ ತೊಂದರೆ ಇಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಏಜೆಂಟ್ ಹೇಳಿದ್ದು ಸರಿ.

ಆದರೆ ನೀವು ನಡುನಡುವೆ ಹೇಳಿಹೋದ ಮೂರು ಸಂಗತಿಗಳಿವೆ. ಸಹೋದ್ಯೋಗಿಗಳು ಕೊಡುವ ದುಡ್ಡು, ಡಿಕ್ಕಿಯಲ್ಲಿನ ಬಾಕ್ಸ್‌ಗಳು, ಹೆಂಡತಿಯ ಹೆಸರಿನ ಆರ್‌ಸಿ. ಇವುಗಳಿಗೆ "ಏನೂ ಆಗಲ್ಲ ಬಿಡಿ" ಅನ್ನುವ ಉತ್ತರ ಸಾಲದು. ಮೂರನೆಯದನ್ನು ನೀವು ಸುಮ್ನೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ನನಗೆ ಜಾಸ್ತಿ ಚಿಂತೆ ಆದದ್ದು ಅದನ್ನು ಓದಿಯೇ.

ನಿಮ್ಮ ಪಾಲಿಸಿಯ ಪ್ರಿಂಟ್ ತೆಗೆದುಕೊಳ್ಳಿ. ಪ್ರೀಮಿಯಂ ಲೆಕ್ಕ ಇರುವ ಕೋಷ್ಟಕ ಬಿಟ್ಟು ಕೆಳಗೆ ಬನ್ನಿ. ಸಣ್ಣ ಅಕ್ಷರದಲ್ಲಿ "ಲಿಮಿಟೇಶನ್ಸ್ ಆ್ಯಸ್ ಟು ಯೂಸ್" ಅಂತ ಒಂದು ಪ್ಯಾರಾ ಇರುತ್ತದೆ. ಅಂದರೆ ಕಾರನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಅನ್ನುವ ಮಿತಿ. ಅದರ ಸಾರ ಇಷ್ಟು: ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸುವುದು, ಸರಕು ಸಾಗಿಸುವುದು, ರೇಸ್, ವೇಗದ ಪರೀಕ್ಷೆ ಅಂಥವು, ಮತ್ತು ಗಾಡಿ ಮಾರುವ-ಕೊಳ್ಳುವ ವ್ಯಾಪಾರ. ಇವನ್ನು ಬಿಟ್ಟು ಉಳಿದ ಯಾವ ಉದ್ದೇಶಕ್ಕಾದರೂ ಬಳಸಬಹುದು. ಸರಕಿನ ಮಾತಿನ ಪಕ್ಕದಲ್ಲೇ ಒಂದು ವಿನಾಯಿತಿಯೂ ಇದೆ. ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಇದ್ದರೆ ಅಡ್ಡಿಯಿಲ್ಲ.

ಈ ಪ್ಯಾರಾದಲ್ಲಿ ಆಫೀಸ್ ಅನ್ನುವ ಪದವೇ ಇಲ್ಲ. ದೇವಸ್ಥಾನಕ್ಕೆ ಹೋದಿರೋ, ಡೀಲರ್ ಅಂಗಡಿಗೆ ಹೋದಿರೋ ಅಂತ ನಮ್ಮ ಪಾಲಿಸಿ ಕೇಳುವುದಿಲ್ಲ. ಕಾರಿನಲ್ಲಿ ಕೂತವರು ಬಾಡಿಗೆ ಕೊಟ್ಟರಾ, ಕಾರು ಸರಕಿನ ಗಾಡಿಯಾಯಿತಾ, ಇವೆರಡನ್ನು ಕೇಳುತ್ತದೆ. ಡಾಕ್ಟರು ಪೇಷೆಂಟ್ ಮನೆಗೆ, ವಕೀಲರು ಕೋರ್ಟಿಗೆ, ಮೆಡಿಕಲ್ ರೆಪ್ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಹೋಗುವುದೆಲ್ಲ ಇದರೊಳಗೆ ಬರುತ್ತದೆ. ಆ ಸ್ಯಾಂಪಲ್ ಅನ್ನುವ ಪದ ನಿಮ್ಮಂಥ ಸೇಲ್ಸ್‌ನವರಿಗೇ ಹೇಳಿ ಮಾಡಿಸಿದಂತಿದೆ.

ಕಿಲೋಮೀಟರ್ ಹಣದ ಬಗ್ಗೆ ಒಂದು ಮಾತು. ನಿಮ್ಮ ಕೆಲಸಕ್ಕೆ ನೀವೇ ಕಾರು ಓಡಿಸಿದಿರಿ, ಆದ ಖರ್ಚನ್ನು ಕಂಪನಿ ತುಂಬಿಕೊಟ್ಟಿತು. ಇದು ಬಾಡಿಗೆ ಆಗುವುದಿಲ್ಲ. ಆದರೆ ನಾಳೆ ಕಂಪನಿಯವರು "ನಿಮ್ಮ ಕಾರನ್ನು ತಿಂಗಳಿಗೆ ಇಂತಿಷ್ಟಕ್ಕೆ ನಮಗೆ ಬಿಡಿ, ನಮ್ಮ ಡ್ರೈವರ್ ಓಡಿಸುತ್ತಾನೆ" ಅಂದರೆ ಒಪ್ಪಬೇಡಿ. ಅದು ಬಾಡಿಗೆಯೇ. ವೈಟ್ ಬೋರ್ಡ್ ಕಾರನ್ನು ಆಫೀಸ್‌ಗಳಿಗೆ ಅಟ್ಯಾಚ್ ಮಾಡುವುದು ನಮ್ಮ ಕಡೆ ಎಷ್ಟು ಮಾಮೂಲಾಗಿದೆ ಅಂದರೆ, ಅದು ಪಾಲಿಸಿಯ ಮಿತಿ ದಾಟಿದ ಬಳಕೆ ಅಂತ ತುಂಬಾ ಜನರಿಗೆ ಅನಿಸುವುದೇ ಇಲ್ಲ.

ಇನ್ನು ನಿಮ್ಮ ತಂಗಿಯ ಮಾತು. ಅವರು ಹೇಳಿದ್ದು ಅವರ ದೇಶಕ್ಕೆ ನೂರಕ್ಕೆ ನೂರು ನಿಜ. ಬ್ರಿಟನ್ನಿನಲ್ಲಿ ಕಾರ್ ಇನ್ಶೂರೆನ್ಸ್ ಕೊಳ್ಳುವಾಗಲೇ ಬಳಕೆಯ ದರ್ಜೆ ಆರಿಸಬೇಕು. ಅಂಗಡಿ, ಸ್ನೇಹಿತರ ಮನೆ, ಪ್ರವಾಸ ಇವಕ್ಕೆಲ್ಲ ಒಂದು ದರ್ಜೆ. ಅದನ್ನು ಅಲ್ಲಿ ಸೋಶಿಯಲ್, ಡೊಮೆಸ್ಟಿಕ್ ಆ್ಯಂಡ್ ಪ್ಲೆಷರ್ ಅನ್ನುತ್ತಾರೆ. ಅದರ ಮೇಲೆ ಕಮ್ಯೂಟಿಂಗ್ ಸೇರಿಸಿದರೆ ಮನೆಯಿಂದ ಒಂದು ಖಾಯಂ ಕೆಲಸದ ಜಾಗಕ್ಕೆ ಹೋಗಿ ಬರಬಹುದು. ರೈಲ್ವೆ ಸ್ಟೇಷನ್‌ವರೆಗೆ ಕಾರಿನಲ್ಲಿ ಹೋಗಿ, ಅಲ್ಲಿ ನಿಲ್ಲಿಸಿ, ರೈಲಿನಲ್ಲಿ ಆಫೀಸ್‌ಗೆ ಹೋದರೂ ಸಾಮಾನ್ಯವಾಗಿ ಅದನ್ನು ಕಮ್ಯೂಟಿಂಗ್ ಅಂತಲೇ ಎಣಿಸುತ್ತಾರೆ. ತುಂಬಾ ಜನ ಅಲ್ಲೇ ಎಡವುತ್ತಾರೆ.

ಖಾಯಂ ಜಾಗ ಬಿಟ್ಟು ಬೇರೆ ಬ್ರಾಂಚ್‌ಗೆ, ಟ್ರೈನಿಂಗ್‌ಗೆ, ಕ್ಲೈಂಟ್ ಹತ್ತಿರ ಹೋದರೆ ಅಲ್ಲಿಗೆ ಬಿಸಿನೆಸ್ ಯೂಸ್ ಶುರು. ಅದರಲ್ಲೂ ಸಾಮಾನ್ಯವಾಗಿ ಮೂರು ಹಂತ. ಮೊದಲನೆಯದು ಪಾಲಿಸಿದಾರರು ಕೆಲಸದ ಮೇಲೆ ಬೇರೆ ಬೇರೆ ಜಾಗಗಳಿಗೆ ಹೋಗುವುದಕ್ಕೆ. ಎರಡನೆಯದರಲ್ಲಿ ಪಾಲಿಸಿಯಲ್ಲಿ ಹೆಸರಿರುವ ಇನ್ನೊಬ್ಬ ಡ್ರೈವರ್‌ಗೂ ಆ ಸೌಲಭ್ಯ. ಮೂರನೆಯದು ಮನೆಮನೆ ಮಾರಾಟ, ದೂರದ ಓಡಾಟವೇ ಕೆಲಸವಾಗಿರುವವರಿಗೆ. ಕಂಪನಿಯಿಂದ ಕಂಪನಿಗೆ ಇವುಗಳ ವಿವರ ಸ್ವಲ್ಪ ಬದಲಾಗುತ್ತದೆ.

ನಿಮ್ಮ ತಂಗಿ ದಿನಾ ಒಂದೇ ಆಸ್ಪತ್ರೆಗೆ ಹೋಗಿ ಬರುವುದಾದರೆ ಕಮ್ಯೂಟಿಂಗ್ ಸಾಕು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಥವಾ ಪೇಷೆಂಟ್‌ಗಳ ಮನೆಗೆ ಸ್ವಂತ ಕಾರಿನಲ್ಲಿ ಹೋಗುವುದಿದ್ದರೆ ಬಿಸಿನೆಸ್ ಯೂಸ್ ಬೇಕೇ ಬೇಕು. ವಾರಕ್ಕೆ ಒಂದೇ ದಿನ ಇದ್ದರೂ ಬೇಕು. ಅಲ್ಲಿನ 2012ರ ಗ್ರಾಹಕ ವಿಮಾ ಕಾಯ್ದೆ ಪ್ರಕಾರ, ಅಜಾಗರೂಕತೆಯಿಂದ ತಪ್ಪು ಮಾಹಿತಿ ಕೊಟ್ಟಿದ್ದರೆ ಕಂಪನಿ ಕ್ಲೇಮ್ ಹಣವನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡಬಹುದು. ಉದಾಹರಣೆಗೆ, 750 ಪೌಂಡ್ ಪ್ರೀಮಿಯಂ ಕಟ್ಟಬೇಕಾದವರು 600 ಪೌಂಡ್ ಕಟ್ಟಿದ್ದಾರೆ ಅಂದುಕೊಳ್ಳಿ. ಅಂದರೆ ಕಟ್ಟಿದ್ದು ನೂರಕ್ಕೆ 80. ಕ್ಲೇಮ್‌ನಲ್ಲೂ ನೂರಕ್ಕೆ 80 ಮಾತ್ರ ಸಿಗಬಹುದು. ಬೇಕಂತಲೇ ಮುಚ್ಚಿಟ್ಟಿದ್ದರೆ ಪಾಲಿಸಿಯನ್ನೇ ರದ್ದು ಮಾಡಬಹುದು. ಪೊಲೀಸರು ಇನ್ಶೂರೆನ್ಸ್ ಇಲ್ಲದೆ ಓಡಿಸಿದಂತೆ ಅಂತ ಹಿಡಿದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪಾಯಿಂಟ್. ಅಲ್ಲಿ ಆಸ್ಪತ್ರೆಗಳಲ್ಲಿ, ಐಟಿಯಲ್ಲಿ ಕೆಲಸ ಮಾಡುವ ನಮ್ಮವರು ಬಹಳ ಮಂದಿ ಇದ್ದಾರೆ. ಇಲ್ಲಿನ ಅಭ್ಯಾಸದಲ್ಲಿ "ಕಾರಿಗೆ ಇನ್ಶೂರೆನ್ಸ್ ಇದೆಯಲ್ಲ" ಅಂದುಕೊಂಡು ಹೋದವರಿಗೆ ಈ ದರ್ಜೆಗಳು ಹೊಸದು. ಹಾಗಾಗಿ ತಂಗಿಗೂ ಒಮ್ಮೆ ತಮ್ಮ ಸರ್ಟಿಫಿಕೇಟ್ ತೆಗೆದು ಓದಲು ಹೇಳಿ.

ಈಗ ನಿಮ್ಮ ಮೂರು ಸಂಗತಿಗಳಿಗೆ ಬರೋಣ. ಮೊದಲು ಸಹೋದ್ಯೋಗಿಗಳ ದುಡ್ಡು.

ನಾನು ಮೋಟಾರ್ ಸರ್ವೇಯರ್, ಅಂದರೆ ಕ್ಲೇಮ್‌ಗೆ ಬಂದ ಗಾಡಿ ನೋಡಿ ನಷ್ಟ ಅಳೆಯುವವನು, ಆಗಿದ್ದಾಗ ನೋಡಿದ ಒಂದು ಕಾರು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತೇಗೂರು ಹತ್ತಿರ ಹೈವೇಯಲ್ಲಿ ಲಾರಿಯ ಹಿಂಭಾಗಕ್ಕೆ ಗುದ್ದಿತ್ತು. ಗ್ಯಾರೇಜ್‌ನ ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದರು. ಬಾನೆಟ್ ಮಡಚಿ ಗಾಜಿನವರೆಗೆ ಬಂದಿತ್ತು. ಹಿಂದಿನ ಸೀಟಿನ ಕೆಳಗೆ ಮೂರು ಊಟದ ಡಬ್ಬಿ ಬಿದ್ದಿದ್ದವು, ಒಂದರ ಮುಚ್ಚಳ ತೆರೆದು ಚಿತ್ರಾನ್ನ ಒಣಗಿ ಅಂಟಿಕೊಂಡಿತ್ತು. ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ಒಂದು ಪಾಕೆಟ್ ಡೈರಿ. ಅದರಲ್ಲಿ ನಾಲ್ಕು ಹೆಸರು, ಪ್ರತಿ ಹೆಸರಿನ ಮುಂದೆ ತಾರೀಖು, ದಿನಕ್ಕೆ ನೂರು ರೂಪಾಯಿಯಂತೆ ಟಿಕ್ ಮಾರ್ಕ್. ಬಾರದ ದಿನ ಸೊನ್ನೆ. ಪೆಟ್ರೋಲ್ ಖರ್ಚು ಕಳೆದೂ ಕೈಯಲ್ಲಿ ಉಳಿಯುವಷ್ಟು ಆಗುತ್ತಿತ್ತು. ಕಾರಿನವರು ಒಳ್ಳೆಯ ಮನುಷ್ಯರು. ಬಸ್ಸಿಗೆ ಕಾಯುವವರಿಗೆ ಅನುಕೂಲ, ತಮಗೂ ಕಾರಿನ ಕಂತಿಗೆ ಸಹಾಯ ಅಂತ ಶುರು ಮಾಡಿದ್ದರು. ಪೊಲೀಸರ ಮುಂದೆ ಆ ನಾಲ್ವರೂ "ದಿನಾ ನೂರು ರೂಪಾಯಿ ಕೊಟ್ಟು ಬರುತ್ತೇವೆ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇನ್ಶೂರೆನ್ಸ್ ಕಂಪನಿ ಕ್ಲೇಮ್ ತಿರಸ್ಕರಿಸಿತು. ಗ್ರಾಹಕ ಆಯೋಗಕ್ಕೆ ಅಲೆದು, ವರ್ಷಗಳ ಮೇಲೆ ಒಂದು ಭಾಗ ಮಾತ್ರ ಬಂತು. ಆ ಡೈರಿಯ ಟಿಕ್ ಮಾರ್ಕ್‌ಗಳನ್ನು ನೋಡಿದಾಗ ಆದ ಸಂಕಟ ನನಗೆ ಇವತ್ತಿಗೂ ನೆನಪಿದೆ.

ನಿಮ್ಮ ಪರಿಸ್ಥಿತಿ ಹಾಗಿಲ್ಲ ಅಂತ ನನಗೆ ಗೊತ್ತು. ಒಂದೇ ಕಂಪನಿಯ ಇಬ್ಬರು ಗೆಳೆಯರು, ನೀವು ಹೇಗೂ ಹೋಗುವ ದಾರಿ, ತಿಂಗಳ ಕೊನೆಗೆ ಪೆಟ್ರೋಲ್ ಖರ್ಚು ಹಂಚಿಕೊಳ್ಳುತ್ತೀರಿ. ಇದು ಖರ್ಚಿನ ಪಾಲು. ಇದನ್ನು ಬಾಡಿಗೆ ಅಂತ ನಾನು ಭಾವಿಸುವುದಿಲ್ಲ. ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಇದಕ್ಕೆ ಪ್ರತ್ಯೇಕ ಸೆಕ್ಷನ್ನೇ ಇದೆ. ಲಾಭ ಮಾಡಿಕೊಳ್ಳದೆ ಖರ್ಚು ಹಂಚಿಕೊಂಡರೆ ಅದು ಬಾಡಿಗೆ ಆಗುವುದಿಲ್ಲ. ನಮ್ಮ ಪಾಲಿಸಿಯಲ್ಲಿ ಅಂಥ ಸ್ಪಷ್ಟ ಸಾಲು ಇಲ್ಲ. ಹಾಗಾಗಿ ನೀವೇ ಎಚ್ಚರವಾಗಿರಬೇಕು. ಆದ ಖರ್ಚಿಗಿಂತ ಒಂದು ರೂಪಾಯಿಯೂ ಜಾಸ್ತಿ ತೆಗೆದುಕೊಳ್ಳಬೇಡಿ. ನಿಮ್ಮ ಪಾಲನ್ನೂ ಸೇರಿಸಿ ಮೂರು ಭಾಗ ಮಾಡಿ. ತಲೆಗೆ ದಿನಕ್ಕೆ ಇಂತಿಷ್ಟು ಅಂತ ರೇಟ್ ಕಟ್ಟಬೇಡಿ. ಗುರುತಿಲ್ಲದವರನ್ನು ಹತ್ತಿಸಿಕೊಂಡು ಹಣ ಪಡೆಯಬೇಡಿ. ಇನ್ನೂ ಒಳ್ಳೆಯ ದಾರಿ ಅಂದರೆ ಒಂದು ವಾರ ನಿಮ್ಮ ಕಾರು, ಇನ್ನೊಂದು ವಾರ ಅವರ ಕಾರು. ಆಗ ದುಡ್ಡಿನ ಮಾತೇ ಬರುವುದಿಲ್ಲ.

ಆ್ಯಪ್ ಮೂಲಕ ಸೀಟು ಹಂಚುವುದು ಬೇರೆಯೇ ಕತೆ. 2023ರಲ್ಲಿ ಬೆಂಗಳೂರಿನಲ್ಲಿ ಕಾರ್‌ಪೂಲ್ ಆ್ಯಪ್‌ಗಳ ಬಗ್ಗೆ ದೊಡ್ಡ ಚರ್ಚೆ ಆಯಿತಲ್ಲ, ಆಗಲೂ ಸಾರಿಗೆ ಇಲಾಖೆಯ ವಾದ ಇದೇ ಆಗಿತ್ತು. ವೈಟ್ ಬೋರ್ಡ್ ಕಾರಿನಲ್ಲಿ ಹಣ ಪಡೆದು ಜನರನ್ನು ಕರೆದೊಯ್ಯುವಂತಿಲ್ಲ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ.

ಬಾಡಿಗೆ ಅಂತ ಸಾಬೀತಾದರೆ ಇನ್ಶೂರೆನ್ಸ್‌ನಲ್ಲಿ ಏನಾಗುತ್ತದೆ? ಸ್ವಂತ ಕಾರಿನ ರಿಪೇರಿ ಹಣದ ಬಗ್ಗೆ ಸುಪ್ರೀಂ ಕೋರ್ಟ್ ಸ್ವಲ್ಪ ಮೆದುವಾಗಿದೆ. 2008ರ ಒಂದು ಪ್ರಕರಣದಲ್ಲಿ ಸ್ವಂತ ಬಳಕೆಗೆ ವಿಮೆ ಮಾಡಿದ ಗಾಡಿಯನ್ನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದರು, ಅದು ಕಳುವಾಯಿತು. ಕಳ್ಳತನಕ್ಕೂ ಟ್ಯಾಕ್ಸಿ ಬಳಕೆಗೂ ನೇರ ಸಂಬಂಧ ಇಲ್ಲ ಅಂತ ಹೇಳಿ ನೂರಕ್ಕೆ 75 ಕೊಡಿಸಿದರು. 2010ರ ಇನ್ನೊಂದು ಪ್ರಕರಣದಲ್ಲಿ ಬಾಡಿಗೆಗೆ ಕೊಟ್ಟ ಸ್ವಂತ ಕಾರು ಅಪಘಾತಕ್ಕೆ ಸಿಕ್ಕಿತ್ತು. ಅಲ್ಲಿಯೂ ಪೂರ್ತಿ ತಿರಸ್ಕರಿಸುವುದು ಸರಿಯಲ್ಲ ಅಂದರು. ಆದರೆ ಐದು ಲಕ್ಷ ಕೇಳಿದ್ದಕ್ಕೆ ಎರಡೂವರೆ ಲಕ್ಷ ಸಿಕ್ಕಿತು. ಹೀಗೆ ಕ್ಲೇಮ್‌ನ ಒಂದು ಭಾಗ ಮಾತ್ರ ಕೊಡುವುದನ್ನು ನಾನ್-ಸ್ಟ್ಯಾಂಡರ್ಡ್ ಸೆಟಲ್‌ಮೆಂಟ್ ಅನ್ನುತ್ತಾರೆ. ಇಷ್ಟಕ್ಕೂ ಅವರು ದೆಹಲಿವರೆಗೆ ಹೋಗಬೇಕಾಯಿತು ಅನ್ನುವುದನ್ನು ಮರೆಯಬೇಡಿ.

ಕಾರಿನ ತಗಡು ಹೋದರೆ ಹೋಗಲಿ, ದೊಡ್ಡ ಪೆಟ್ಟು ಬೀಳುವುದು ಥರ್ಡ್ ಪಾರ್ಟಿ ಕಡೆಯಿಂದ. ನಿಮ್ಮ ಕಾರು ಗುದ್ದಿ ಯಾರಿಗಾದರೂ ಪ್ರಾಣಾಪಾಯ ಆದರೆ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ದುಡಿಯುವ ವಯಸ್ಸಿನವರು ತೀರಿಕೊಂಡರೆ ಮೊತ್ತ ಸುಲಭವಾಗಿ ಹತ್ತಾರು ಲಕ್ಷಕ್ಕೆ ಹೋಗುತ್ತದೆ. ಪಾಲಿಸಿಯ ಷರತ್ತು ಮುರಿದಿದ್ದರೆ ಕೋರ್ಟ್ ಅನೇಕ ಸಲ "ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ" ಅನ್ನುತ್ತದೆ. ನೊಂದ ಕುಟುಂಬಕ್ಕೆ ಹಣ ಸಿಗುತ್ತದೆ, ಅದು ಆಗಲೇಬೇಕಾದ್ದು. ಆದರೆ ಅಷ್ಟೂ ಹಣದ ನೋಟಿಸ್ ಮಾಲೀಕರ ಮನೆಗೆ ಬರುತ್ತದೆ. ನಿಮ್ಮ ವಿಷಯದಲ್ಲಿ ಮಾಲೀಕರು ನಿಮ್ಮ ಹೆಂಡತಿ.

ಜೊತೆಗೆ ಕೂರುವ ಆ ಇಬ್ಬರ ಬಗ್ಗೆಯೂ ಯೋಚಿಸಿ. ನಿಮ್ಮದು ಫುಲ್ ಇನ್ಶೂರೆನ್ಸ್, ಅಂದರೆ ಪ್ಯಾಕೇಜ್ ಪಾಲಿಸಿ ಆಗಿದ್ದರೆ ಕಾರಿನೊಳಗೆ ಕೂತವರಿಗೂ ರಕ್ಷಣೆ ಇದೆ. 2009ರ ನವೆಂಬರ್‌ನಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎ (ಈಗ ಐಆರ್‌ಡಿಎಐ) ಇದನ್ನು ಎಲ್ಲ ಕಂಪನಿಗಳಿಗೂ ಸ್ಪಷ್ಟಪಡಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ಯಾಕೇಜ್ ಪಾಲಿಸಿಗೂ ಬರೀ ಥರ್ಡ್ ಪಾರ್ಟಿ ಪಾಲಿಸಿಗೂ ಇರುವ ಈ ವ್ಯತ್ಯಾಸವನ್ನು ಎತ್ತಿ ಹೇಳಿತು. ಬರೀ ಥರ್ಡ್ ಪಾರ್ಟಿ ಇದ್ದರೆ ಸುಮ್ಮನೆ ಜೊತೆಗೆ ಬಂದವರಿಗೆ ಆ ರಕ್ಷಣೆ ಸಿಗುವುದಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಹಲವರು "ಮೂರು ವರ್ಷಕ್ಕೆ ಇನ್ಶೂರೆನ್ಸ್ ಆಗಿದೆ" ಅಂದುಕೊಂಡು, ಒಂದೇ ವರ್ಷಕ್ಕೆ ಮುಗಿಯುವ ಓನ್ ಡ್ಯಾಮೇಜ್ ಭಾಗವನ್ನು, ಅಂದರೆ ಸ್ವಂತ ಕಾರಿನ ನಷ್ಟ ತುಂಬಿಕೊಡುವ ಭಾಗವನ್ನು, ರಿನೀವಲ್ ಮಾಡಿಸದೆ ಬಿಡುತ್ತಾರೆ. ದಿನಾ ಇಬ್ಬರನ್ನು ಕೂರಿಸಿಕೊಂಡು ಹೋಗುವ ನೀವು ಆ ತಪ್ಪು ಮಾಡಲೇಬಾರದು.

ಎರಡನೆಯದು, ಡಿಕ್ಕಿಯ ಮಾಲು. ತೋರಿಸಲು ಒಯ್ಯುವ ಪಂಪ್ ಸ್ಯಾಂಪಲ್. ಲ್ಯಾಪ್‌ಟಾಪ್, ಬಟ್ಟೆ ಬ್ಯಾಗ್ ನಿಮ್ಮ ಲಗೇಜ್. ಟೂಲ್ ಬ್ಯಾಗ್‌ಗೆ ಯಾರೂ ತಕರಾರು ಮಾಡಿದ್ದನ್ನು ನಾನು ನೋಡಿಲ್ಲ. ಆದರೆ ಬಿಲ್ ಆದ ಮಾಲನ್ನು ಡೀಲರ್ ಅಂಗಡಿಗೆ ಇಳಿಸಲು ಹೋದರೆ ಅದು ಸರಕು ಸಾಗಣೆ. ಒಂದು ಬಾಕ್ಸ್ ಆದರೂ ಅಷ್ಟೇ, ಹತ್ತು ಆದರೂ ಅಷ್ಟೇ. ಅಪಘಾತವಾದ ದಿನ ಡಿಕ್ಕಿಯಲ್ಲಿ ಇನ್‌ವಾಯ್ಸ್ ಸಮೇತ ಎರಡು ಬಾಕ್ಸ್ ಸಿಕ್ಕರೆ ಸರ್ವೇಯರ್ ಅದನ್ನು ಬರೆಯಲೇಬೇಕು. ಅದು ಅವರ ಕೆಲಸ. ಅರ್ಜೆಂಟ್ ಮಾಲನ್ನು ಪಾರ್ಸೆಲ್‌ಗೆ ಹಾಕಿ. ಮ್ಯಾನೇಜರ್ "ಹೇಗೂ ಹೋಗ್ತಿದ್ದೀರಲ್ಲ, ಹಾಕ್ಕೊಂಡು ಹೋಗಿ" ಅಂದರೆ "ಇನ್ಶೂರೆನ್ಸ್‌ನಲ್ಲಿ ಅವಕಾಶ ಇಲ್ಲ" ಅಂತ ನೇರವಾಗಿ ಹೇಳಿ. ಪಾಲಿಸಿಯ ಆ ಪ್ಯಾರಾ ತೋರಿಸಿದರೆ ಅವರೂ ಒಪ್ಪುತ್ತಾರೆ.

ಇದನ್ನು ಓದುತ್ತಿರುವ ಅಂಗಡಿಯವರಿಗೂ ಒಂದು ಮಾತು. ನಿಮ್ಮ ಕೆಲಸದ ಹುಡುಗರನ್ನು ಸ್ವಂತ ಕಾರಿನಲ್ಲಿ ಕರೆದೊಯ್ಯುವುದಿದ್ದರೆ ಐಎಂಟಿ 29 ಅನ್ನುವ ಎಂಡೋರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆ, ಕೇಳಿ. ಸಂಬಳದ ಡ್ರೈವರ್ ಇದ್ದರೆ ಐಎಂಟಿ 28. ಇವಕ್ಕೆ ಆಗುವ ಖರ್ಚು ತೀರಾ ಕಡಿಮೆ.

ಈಗ ಮೂರನೆಯದು, ನನ್ನ ನಿಜವಾದ ಚಿಂತೆ. ಕಾರು ಹೆಂಡತಿಯ ಹೆಸರಲ್ಲಿದೆ, ಓಡಿಸುವವರು ನೀವು. ಪಾಲಿಸಿಯಲ್ಲಿ "ಪಿಎ ಕವರ್ ಫಾರ್ ಓನರ್ ಡ್ರೈವರ್" (ಪಿಎ ಅಂದರೆ ಪರ್ಸನಲ್ ಆಕ್ಸಿಡೆಂಟ್) ಅಂತ ಒಂದು ಸಾಲು, ಮುಂದೆ 15 ಲಕ್ಷ ಅಂತ ಇರಬಹುದು. 2018ರಲ್ಲಿ ಈ ಮೊತ್ತವನ್ನು 15 ಲಕ್ಷಕ್ಕೆ ಏರಿಸಿದರು. ಇದನ್ನು ನೋಡಿ "ಡ್ರೈವ್ ಮಾಡುವವನಿಗೆ 15 ಲಕ್ಷ ಇದೆ" ಅಂತ ಎಷ್ಟೋ ಗಂಡಸರು ನಂಬಿಕೊಂಡಿದ್ದಾರೆ. ಇಲ್ಲ. ಆ ರಕ್ಷಣೆ ಇರುವುದು ಆರ್‌ಸಿಯಲ್ಲಿ ಹೆಸರಿರುವ, ಡ್ರೈವಿಂಗ್ ಲೈಸೆನ್ಸ್ ಇರುವ ಮಾಲೀಕರಿಗೆ. ನಿಮ್ಮ ಮನೆಯಲ್ಲಿ ಅದು ನಿಮ್ಮ ಹೆಂಡತಿ. ವರ್ಷಕ್ಕೆ ಸಾವಿರಾರು ಕಿಲೋಮೀಟರ್ ಸ್ಟಿಯರಿಂಗ್ ಹಿಂದೆ ಕೂರುವ ನಿಮಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

"ಹಾಗಾದರೆ ಥರ್ಡ್ ಪಾರ್ಟಿ ಅಂತ ಕೇಳಬಹುದಲ್ವಾ?" ಅಂತ ಅನಿಸಬಹುದು. ನಮ್ಮ ಉತ್ತರ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟ್‌ವರೆಗೆ ಹೋದ ಒಂದು ಪ್ರಕರಣ ಇದೆ. ಒಬ್ಬರು ಬೇರೆಯವರ ಬೈಕ್ ಕೇಳಿ ಪಡೆದು ಇಳಕಲ್‌ನಿಂದ ತಮ್ಮ ಊರು ಗುಡೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ಶೀಟು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ಹಠಾತ್ತನೆ ನಿಂತಿತು. ಬೈಕ್ ಅದಕ್ಕೆ ಬಡಿದು ಅವರು ತೀರಿಕೊಂಡರು. 2009ರಲ್ಲಿ ಕೋರ್ಟ್ ಹೇಳಿದ್ದು ಏನೆಂದರೆ, ಮಾಲೀಕರಿಂದ ಗಾಡಿ ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಂತಂತೆ. ತಪ್ಪು ಯಾರದೆಂದು ಸಾಬೀತು ಮಾಡದೆ ಪರಿಹಾರ ಪಡೆಯಲು ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಇದ್ದ ಸೆಕ್ಷನ್ 163ಎ ಅಡಿ ಅವರ ಮನೆಯವರು ಆ ಬೈಕ್‌ನ ವಿಮೆಯಿಂದ ಕೇಳುವಂತಿಲ್ಲ. ಹೆಂಡತಿಯ ಕಾರು ಓಡಿಸುವ ಗಂಡನಿಗೂ, ತಂದೆಯ ಕಾರು ಓಡಿಸುವ ಮಗನಿಗೂ ಈ ಮಾತು ಅನ್ವಯಿಸುತ್ತದೆ. ಎದುರಿನ ಗಾಡಿಯದು ತಪ್ಪಾಗಿದ್ದರೆ ಅದರ ಇನ್ಶೂರೆನ್ಸ್‌ನಿಂದ ಕೇಳಬಹುದು. ಆದರೆ ಕತ್ತಲಲ್ಲಿ ನಿಮ್ಮ ಕಾರು ನೀವೇ ಮರಕ್ಕೆ ಗುದ್ದಿದರೆ? ರಸ್ತೆಗೆ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಕಾಲುವೆಗೆ ಬಿದ್ದರೆ? ಆಗ ನಿಮ್ಮ ಮನೆಯವರ ಕೈಯಲ್ಲಿ ಏನೂ ಇರುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ನಿಮ್ಮ ಹೆಸರಲ್ಲಿ ಒಂದು ಪ್ರತ್ಯೇಕ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ತೆಗೆದುಕೊಳ್ಳಿ. ಕಾರಿನ ಪಾಲಿಸಿಗೆ ಅಂಟಿಸುವ ಸಣ್ಣ ಮೊತ್ತದ ಕವರ್‌ಗಿಂತ ಇದೇ ಮೇಲು. ಕಾರಿನಲ್ಲಿದ್ದರೂ, ಬಸ್ಸಿನಲ್ಲಿದ್ದರೂ, ಡೀಲರ್ ಗೋಡೌನ್‌ನ ಏಣಿ ಹತ್ತಿದ್ದರೂ ಅದು ನಿಮ್ಮ ಜೊತೆಗಿರುತ್ತದೆ. ಪಾಲಿಸಿ ಆರಿಸುವಾಗ ತಾತ್ಕಾಲಿಕ ಅಂಗವೈಕಲ್ಯಕ್ಕೆ ವಾರಕ್ಕೆ ಇಂತಿಷ್ಟು ಅಂತ ಕೊಡುವ ಭಾಗ ಇದೆಯಾ ನೋಡಿ. ಸೇಲ್ಸ್‌ನವರಿಗೆ ಕಾಲು ಮುರಿದರೆ ಮೂರು ತಿಂಗಳು ಇನ್ಸೆಂಟಿವ್ ಇಲ್ಲ. ಕಂಪನಿಯಲ್ಲಿ ಗ್ರೂಪ್ ಆಕ್ಸಿಡೆಂಟ್ ಪಾಲಿಸಿ ಇದೆಯಾ ಅಂತ ಎಚ್‌ಆರ್ ಅನ್ನು ಕೇಳಿ, ಇದ್ದರೆ ಅದರ ಪ್ರತಿ ಪಡೆದು ಹೆಂಡತಿಗೆ ಕೊಟ್ಟಿಡಿ.

ಕಮ್ಯೂಟಿಂಗ್ ಮತ್ತು ಕೆಲಸದ ಪ್ರಯಾಣದ ನಡುವಿನ ಗೆರೆ ನಮ್ಮ ಕಾರ್ ಪಾಲಿಸಿಯಲ್ಲಿ ಇಲ್ಲ ಅಂದೆ. ಆದರೆ ನೌಕರರ ಕಾನೂನಿನಲ್ಲಿ ಆ ಗೆರೆಯ ಮೇಲೆ ದಶಕಗಳ ಕಾಲ ಜಗಳ ನಡೆದಿದೆ. ಕೆಲಸದ ಮೇಲೆ ಬೆಳಗಾವಿಗೆ ಹೋಗುವಾಗ ಆದ ಅಪಘಾತ ಕೆಲಸದ ಅಪಘಾತ, ಇದರಲ್ಲಿ ಗೊಂದಲ ಕಡಿಮೆ. ಮನೆಯಿಂದ ಕೆಲಸಕ್ಕೆ ಹೋಗುವಾಗ ಆದದ್ದು? ಇಎಸ್‌ಐ ಕಾಯ್ದೆಗೆ 2010ರಲ್ಲಿ 51ಇ ಸೆಕ್ಷನ್ ಸೇರಿಸಿ, ಕೆಲಸಕ್ಕೂ ಪ್ರಯಾಣಕ್ಕೂ ಸಂಬಂಧ ಇದ್ದರೆ ಅದನ್ನೂ ಕೆಲಸದ ಅಪಘಾತವೆಂದೇ ಎಣಿಸಬೇಕು ಅಂದರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದೇ ಅರ್ಥವನ್ನು ನೌಕರರ ಪರಿಹಾರ ಕಾಯ್ದೆಗೂ ವಿಸ್ತರಿಸಿತು. ಆ ಪ್ರಕರಣದಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು 2003ರಲ್ಲಿ ನಸುಕಿನ ಪಾಳಿಗೆ ಬೈಕ್‌ನಲ್ಲಿ ಹೊರಟಿದ್ದರು. ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ಇದ್ದಾಗ ತೀರಿಕೊಂಡಿದ್ದರು. ಅವರ ಮನೆಯವರು ಇಪ್ಪತ್ತೆರಡು ವರ್ಷ ಕಾದರು. ಇಂಥ ಪರಿಹಾರ ಬರುವುದು ಉದ್ಯೋಗದಾತರ ಕಡೆಯಿಂದ, ಕಾರಿನ ಪಾಲಿಸಿಯಿಂದಲ್ಲ. ಹಾಗಾಗಿ ಡೀಲರ್ ಭೇಟಿಗೆ ಹೊರಡುವ ಮುಂಚೆ ಟೂರ್ ಪ್ಲಾನ್ ಅನ್ನು ಇಮೇಲ್‌ನಲ್ಲಿ ಹಾಕಿಡಿ. ವಾಟ್ಸ್‌ಆ್ಯಪ್ ಆದರೂ ಸರಿ. ಆ ದಿನ ಆ ರಸ್ತೆಯಲ್ಲಿ ನೀವು ಕೆಲಸದ ಮೇಲೆ ಇದ್ದಿರಿ ಅನ್ನುವುದಕ್ಕೆ ಅದು ದಾಖಲೆ.

ಕಡಿಮೆ ಕಿಲೋಮೀಟರ್‌ನ ಪ್ಲಾನ್ ವಿಷಯ ಬೇಗ ಮುಗಿಸುತ್ತೇನೆ. 2022ರ ಜುಲೈನಲ್ಲಿ ಐಆರ್‌ಡಿಎಐ ಇಂಥ ಪ್ಲಾನ್‌ಗಳಿಗೆ ಅನುಮತಿ ಕೊಟ್ಟಿತು. ಕಾರು ಮನೆಯಲ್ಲೇ ನಿಲ್ಲಿಸುವವರಿಗೆ ಒಳ್ಳೆಯದು. ನಿಮ್ಮ ಲೆಕ್ಕ ಹಾಕೋಣ. ಧಾರವಾಡ-ಹುಬ್ಬಳ್ಳಿ ಹೋಗಿ ಬರಲು ಸುಮಾರು 40 ಕಿಲೋಮೀಟರ್. ತಿಂಗಳಿಗೆ 25 ದಿನ ಅಂದರೂ 1,000, ವರ್ಷಕ್ಕೆ 12,000. ಬೆಳಗಾವಿ, ಗದಗ ಸೇರಿಸಿದರೆ 20,000 ದಾಟುತ್ತದೆ. 7,500 ಕಿಲೋಮೀಟರ್‌ನ ಪ್ಲಾನ್ ತೆಗೆದುಕೊಂಡರೆ ಐದು ತಿಂಗಳೂ ಬರುವುದಿಲ್ಲ. ಮಿತಿ ಮುಗಿದ ಮೇಲೆ ಟಾಪ್ ಅಪ್ ಮಾಡಿಸಬೇಕು, ಇಲ್ಲವಾದರೆ ನಿಮ್ಮ ಕಾರಿನ ರಿಪೇರಿ ಹಣಕ್ಕೆ ಕುತ್ತು. ನಿಮಗೆ ಬೇಡ. ಅದರ ಬದಲು ಜೀರೋ ಡೆಪ್, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಸೌಲಭ್ಯ, ಇಟ್ಟುಕೊಳ್ಳಿ. ಅದು ಇಲ್ಲದಿದ್ದರೆ ಬಂಪರ್‌ನಂಥ ಪ್ಲಾಸ್ಟಿಕ್ ಭಾಗಗಳಿಗೆ ಕಂಪನಿ ಕೊಡುವುದು ಅರ್ಧ ಮಾತ್ರ.

ಕ್ಲೇಮ್ ಮಾಡುವ ದಿನ ಬಂದರೆ, ಬಾರದಿರಲಿ, ಫಾರ್ಮ್‌ನಲ್ಲಿ "ಅಪಘಾತದ ಸಮಯದಲ್ಲಿ ವಾಹನವನ್ನು ಯಾವ ಉದ್ದೇಶಕ್ಕೆ ಬಳಸಲಾಗುತ್ತಿತ್ತು" ಅಂತ ಕೇಳುತ್ತಾರೆ. ತುಂಬಾ ಜನ ಹೆದರಿ "ದೇವಸ್ಥಾನಕ್ಕೆ ಹೋಗುತ್ತಿದ್ದೆ", "ಮದುವೆಗೆ ಹೊರಟಿದ್ದೆ" ಅಂತ ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡೀಲರ್ ಭೇಟಿಗೆ ಹೋಗುತ್ತಿದ್ದೆ ಅಂತಲೇ ಬರೆಯಿರಿ. ಅದಕ್ಕೆ ಪಾಲಿಸಿಯಲ್ಲಿ ಅವಕಾಶ ಇದೆ. ಸುಳ್ಳು ಬರೆದು, ಪೊಲೀಸ್ ಹೇಳಿಕೆಯಲ್ಲಿ ಬೇರೆ ಬಂದರೆ, ಸಿಗಬೇಕಾದ ಕ್ಲೇಮ್ ಕೂಡ ಕೈತಪ್ಪುತ್ತದೆ. ಜೊತೆಗಿದ್ದವರ ಹೆಸರುಗಳನ್ನೂ ಬಿಡದೆ ಬರೆಯಿರಿ.

ಕಂಪನಿ ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ.

ರಿನೀವಲ್‌ಗೆ ಮುಂಚೆ ಈ ವಾರವೇ ಒಂದು ಕೆಲಸ ಮಾಡಿ. ಏಜೆಂಟ್‌ರ ಬಾಯಿಮಾತು ಬಿಟ್ಟು, ಕಂಪನಿಯ ಕಸ್ಟಮರ್ ಕೇರ್ ಇಮೇಲ್‌ಗೆ ಪಾಲಿಸಿ ನಂಬರ್ ಹಾಕಿ ಹೀಗೆ ಬರೆಯಿರಿ: "ಈ ಕಾರು ನನ್ನ ಹೆಸರಿನಲ್ಲಿದೆ. ನನ್ನ ಪತಿ ದಿನಾ ಕೆಲಸಕ್ಕೆ ಹೋಗಿಬರಲು ಮತ್ತು ವಾರಕ್ಕೆ ಎರಡು ದಿನ ಕಂಪನಿಯ ಕೆಲಸದ ಮೇಲೆ ಬೇರೆ ಊರುಗಳಿಗೆ ಹೋಗಲು ಇದನ್ನು ಬಳಸುತ್ತಾರೆ. ಜೊತೆಗೆ ಒಂದು ಸ್ಯಾಂಪಲ್ ಪಂಪ್ ಇರುತ್ತದೆ. ಇಬ್ಬರು ಸಹೋದ್ಯೋಗಿಗಳು ಖರ್ಚು ಹಂಚಿಕೊಂಡು ಪ್ರಯಾಣಿಸುತ್ತಾರೆ. ಬಾಡಿಗೆ ಪಡೆಯುವುದಿಲ್ಲ. ಈ ಬಳಕೆ ಪಾಲಿಸಿಯ ವ್ಯಾಪ್ತಿಯಲ್ಲಿ ಇದೆಯೇ ಎಂದು ಲಿಖಿತವಾಗಿ ತಿಳಿಸಿ." ಪಾಲಿಸಿ ಹೆಂಡತಿಯ ಹೆಸರಲ್ಲಿ ಇರುವುದರಿಂದ ಅವರ ಇಮೇಲ್‌ನಿಂದಲೇ ಹೋಗಲಿ. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಹೊಸ ಪಾಲಿಸಿಯ ಜೊತೆ ಪಿನ್ ಮಾಡಿ. ಒಂದು ಪ್ರತಿ ಕಾರಿನಲ್ಲಿ, ಇನ್ನೊಂದು ಮನೆಯಲ್ಲಿ.